ಮುಂದಿನ ಸಾಂಕ್ರಾಮಿಕ ಬರುವ ಮೊದಲೇ, ನಮ್ಮ ಕೈ ಹಿಡಿಯುವವರು ಯಾರು ಅಂತ ಬರೆದಿಡಿ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಹಾಗೂ ಎಲ್ಲ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ.

ವಿಷಯ: ಆರೋಗ್ಯ ತುರ್ತು ಪರಿಸ್ಥಿತಿಯಲ್ಲಿ ಕಣ್ಣು ಕಾಣದವರಿಗೆ ಸಿಗಬೇಕಾದ ನೆರವಿನ ಬಗ್ಗೆ.

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ನನ್ನ ಯಜಮಾನರಿಗೂ ಕಾಣುವುದಿಲ್ಲ. ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತವರು. ಹಾರ್ಮೋನಿಯಂ ನುಡಿಸುತ್ತಾರೆ, ಮಕ್ಕಳಿಗೆ ಪಾಠ ಹೇಳುತ್ತಾರೆ. ನಮಗೆ ಒಬ್ಬಳು ಮಗಳು. ಅವಳಿಗೆ ಕಣ್ಣು ಚೆನ್ನಾಗಿದೆ.

ಕೋವಿಡ್ ಹೋಗಿ ಎಷ್ಟೋ ಕಾಲವಾಯಿತು, ಈಗ್ಯಾಕೆ ಈ ಪತ್ರ ಅಂತ ತಮಗೆ ಅನ್ನಿಸಬಹುದು. ರೋಗ ಬಂದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ನಮ್ಮ ಸರ್ಕಾರವೇ ಅಧಿಸೂಚನೆ ಹೊರಡಿಸಿತು. ಆಗಲೂ ನಮ್ಮಂಥವರಿಗೆ ಬಂದ ಸಲಹೆ ಎಲ್ಲರಿಗೂ ಬಂದದ್ದೇ: ಮನೆ ಸುತ್ತ ನೀರು ನಿಂತಿದೆಯಾ ನೋಡಿ, ತೊಟ್ಟಿಯಲ್ಲಿ ಹುಳು ಆಡುತ್ತಿದೆಯಾ ನೋಡಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಬಂದಾಗಲೂ ಹೀಗೇ. ಕಾಡಿನಿಂದ ಬಂದವರು ಮೈಮೇಲೆ ಉಣ್ಣೆ ಹತ್ತಿದೆಯಾ ನೋಡಿಕೊಳ್ಳಿ ಅನ್ನುತ್ತಾರೆ. ಸಾಸಿವೆ ಕಾಳಿಗಿಂತ ಚಿಕ್ಕ ಮರಿ ಉಣ್ಣೆಯನ್ನು ಕಣ್ಣಿದ್ದವರೇ ಕಷ್ಟಪಟ್ಟು ಹುಡುಕಬೇಕು. ಕಣ್ಣು ಕಾಣದ ಒಬ್ಬ ರೈತ ಏನು ಮಾಡಬೇಕು ಅಂತ ಹೇಳುವ ಒಂದು ಸಾಲೂ ಆ ಸಲಹೆಗಳಲ್ಲಿ ನನ್ನ ಕಿವಿಗೆ ಬಿದ್ದಿಲ್ಲ. 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ದೃಷ್ಟಿ ದೋಷ ಇರುವವರು ಎರಡೂವರೆ ಲಕ್ಷಕ್ಕಿಂತ ಜಾಸ್ತಿ. ಇಷ್ಟು ಜನರನ್ನು ಬಿಟ್ಟು ಮಾಡಿದ ಯೋಜನೆ ಸಾರ್ವಜನಿಕ ಆರೋಗ್ಯದ ಯೋಜನೆ ಹೇಗಾಗುತ್ತದೆ?

ನಮ್ಮ ಬದುಕು ನಡೆಯುವುದು ಮುಟ್ಟುವುದರಿಂದ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ. ಬಾಗಿಲ ಚಿಲಕ, ಬಸ್ಸಿನ ಕಂಬಿ, ಅಂಗಡಿಯ ಕಟ್ಟೆ, ಮೆಟ್ಟಿಲ ಪಕ್ಕದ ಗೋಡೆ, ಎಲ್ಲವನ್ನೂ ಕೈಯಲ್ಲಿ ನೋಡುತ್ತೇವೆ. ಗೊತ್ತಿಲ್ಲದ ಜಾಗಕ್ಕೆ ಹೋದರೆ ಜೊತೆಯವರ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತೇವೆ. ಅವರು ಮೆಟ್ಟಿಲು ಹತ್ತಿದರೆ ಅವರ ತೋಳೇ ನಮಗೆ ಹೇಳುತ್ತದೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಶುರುವಾಯಿತು. ಆ ಹೊತ್ತಿಗೆ ನಾಡಿನ ತುಂಬಾ ಒಂದೇ ಮಾತು: ಏನನ್ನೂ ಮುಟ್ಟಬೇಡಿ, ಯಾರ ಹತ್ತಿರವೂ ಹೋಗಬೇಡಿ. ರೋಗ ತಡೆಯಲು ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ಮುಟ್ಟದೆ ಬದುಕಲಾಗದವರಿಗೆ ಬದಲಿ ದಾರಿ ಏನು ಅಂತ ಯಾರೂ ಹೇಳಲಿಲ್ಲ. ನಮ್ಮೂರ ರೇಷನ್ ಅಂಗಡಿ ಮುಂದೆ ಸುಣ್ಣದಲ್ಲಿ ಚೌಕ ಬರೆದಿದ್ದರು. ನನ್ನ ಕೋಲಿಗೆ ಸುಣ್ಣದ ಗೆರೆ ತಗಲುವುದಿಲ್ಲ. ಸಾಲು ಎಲ್ಲಿದೆ ಅಂತ ಕೇಳುತ್ತಾ ಮುಂದೆ ಹೋದೆ. ಹಿಂದಿನಿಂದ ಒಬ್ಬರು ಕೂಗಿದರು: ‘ಏನಮ್ಮಾ, ಕಣ್ಣು ಕಾಣಲ್ವಾ? ದೂರ ನಿಲ್ಲು.’ ಆಮೇಲೆ ಅವರಿಗೇ ಗೊತ್ತಾಗಿ ಸುಮ್ಮನಾದರು. ಆದರೂ ಕೈ ಹಿಡಿದು ಚೌಕದಲ್ಲಿ ನಿಲ್ಲಿಸಲು ಯಾರೂ ಮುಂದೆ ಬರಲಿಲ್ಲ. ನಾನು ಅವರನ್ನು ದೂರುವುದಿಲ್ಲ. ಹೆದರಿದ್ದರು. ಅಂಥ ಹೊತ್ತಿನಲ್ಲಿ ಜನರ ಒಳ್ಳೆಯತನದ ಮೇಲೆ ನಮ್ಮನ್ನು ಬಿಟ್ಟುಬಿಡಬಾರದು ಅಂತಲೇ ಸರ್ಕಾರ ಇರುವುದು ಅಲ್ವಾ?

ಅದೇ ಮಾರ್ಚ್ ಕೊನೆಯಲ್ಲಿ ರಾಜ್ಯ ಸರ್ಕಾರದ ಇನ್ನೊಂದು ಆದೇಶ ಬಂತು. ಹೋಮ್ ಕ್ವಾರಂಟೈನ್‌ನಲ್ಲಿ ಇರುವವರು ‘ಕ್ವಾರಂಟೈನ್ ವಾಚ್’ ಆ್ಯಪ್‌ನಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು. ಕಳಿಸದಿದ್ದರೆ ತಂಡ ಮನೆಗೆ ಬಂದು ಸರ್ಕಾರದ ಕ್ವಾರಂಟೈನ್ ಕೇಂದ್ರಕ್ಕೆ ಕರೆದೊಯ್ಯುತ್ತದೆ. ಈ ನಿಯಮ ಬರೆದವರ ಮನಸ್ಸಿನಲ್ಲಿ ಕಣ್ಣು ಕಾಣದ ಒಬ್ಬ ಮನುಷ್ಯ ಒಂದು ಕ್ಷಣ ಬಂದಿದ್ದರೂ ಸಾಕಿತ್ತು, ಸೆಲ್ಫಿ ಬದಲು ಒಂದು ಫೋನ್ ಕರೆ ಅಂತ ಬರೆಯುತ್ತಿದ್ದರು. ಕ್ಯಾಮೆರಾದೊಳಗೆ ಮುಖ ಬಂತಾ, ಬೆಳಕು ಇದೆಯಾ, ಫೋಟೊ ಹೋಯಿತಾ ಅಂತ ತಿಳಿಯದವನಿಗೆ ಗಂಟೆಗೊಂದು ಸೆಲ್ಫಿ ಅಂದರೆ ಗಂಟೆಗೊಂದು ಹೆದರಿಕೆ.

ಈಗ ನಮ್ಮ ಮನೆಯ ವಿಷಯ. 2021ರ ಮೇ ತಿಂಗಳಲ್ಲಿ ನನ್ನ ಯಜಮಾನರಿಗೆ ಪಾಸಿಟಿವ್ ಬಂತು. ಆಕ್ಸಿಜನ್ 94ಕ್ಕಿಂತ ಕೆಳಗೆ ಇಳಿದರೆ ಕೂಡಲೇ ಹೇಳಿ ಅಂತ ಆಶಾ ಅಕ್ಕ ಒಂದು ಆಕ್ಸಿಮೀಟರ್ ಕೊಟ್ಟು ಹೋದರು. ಅದು ಮಾತಾಡುವುದಿಲ್ಲ, ಬರೀ ಅಂಕಿ ತೋರಿಸುತ್ತದೆ. ನನಗೂ ಕಾಣುವುದಿಲ್ಲ, ಅವರಿಗೂ ಕಾಣುವುದಿಲ್ಲ. ಆಗ ನಮ್ಮ ಮಗಳಿಗೆ ಎಂಟು ವರ್ಷ. ರೋಗ ಇರುವ ಕೋಣೆಗೆ ಅವಳನ್ನು ಬಿಡಬಾರದು. ಬಿಡದಿದ್ದರೆ ಅಂಕಿ ಹೇಳುವವರು ಬೇರೆ ಯಾರೂ ಇಲ್ಲ. ಕೊನೆಗೆ ಅವರು ಬಾಗಿಲ ಸಂದಿಯಿಂದ ಕೈ ಚಾಚುವುದು, ಮಗಳು ಮಾಸ್ಕ್ ಹಾಕಿಕೊಂಡು ದೂರದಿಂದಲೇ ಓದುವುದು ಅಂತ ಮಾಡಿಕೊಂಡೆವು. ಒಂದು ರಾತ್ರಿ ಅವಳು ‘86’ ಅಂದಳು. ನನ್ನ ಕೈಕಾಲು ತಣ್ಣಗಾದವು. ಆಂಬುಲೆನ್ಸ್‌ಗೆ ಫೋನ್ ಹಚ್ಚಿದೆ. ಲೈನ್ ಸಿಗುವಷ್ಟರಲ್ಲಿ ಮಗಳು ಸುತ್ತಿಕೊಂಡು ಇನ್ನೊಂದು ಬದಿಗೆ ಬಂದು ನೋಡಿದಳು. ಅವಳು ತಲೆಕೆಳಗಾಗಿ ಓದಿದ್ದಳು. ಅಲ್ಲಿ ಇದ್ದದ್ದು 98. ಅಪ್ಪನ ಉಸಿರಿನ ಲೆಕ್ಕ ಇಡುವ ಹೊಣೆ ಎಂಟು ವರ್ಷದ ಮಗುವಿನ ಮೇಲೆ ಬೀಳಬಾರದಿತ್ತು. ಅಂಕಿಯನ್ನು ಜೋರಾಗಿ ಹೇಳುವ ಆಕ್ಸಿಮೀಟರ್, ಥರ್ಮಾಮೀಟರ್ ಇವೆ. ತಾಲ್ಲೂಕಿಗೆ ನಾಲ್ಕೈದು ಇಟ್ಟಿದ್ದರೂ ಸಾಕಾಗುತ್ತಿತ್ತು. ಅದೇ ತಿಂಗಳು ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟ್ ಕಿಟ್‌ಗೂ ಅನುಮತಿ ಸಿಕ್ಕಿತು. ಅದರಲ್ಲೂ ಉತ್ತರ ಬರುವುದು ಎರಡು ಗೆರೆಗಳಲ್ಲೇ.

ಎರಡು ದಿನ ಬಿಟ್ಟು ಆಕ್ಸಿಜನ್ ನಿಜವಾಗಿಯೂ ಇಳಿಯಿತು. ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಆಸ್ಪತ್ರೆಯ ಹೆಸರು ಬೇಡ, ಆಗ ಎಲ್ಲ ಕಡೆಯೂ ಪರಿಸ್ಥಿತಿ ಅದೇ ಇತ್ತು. ಜೊತೆಗೆ ಯಾರನ್ನೂ ಒಳಗೆ ಬಿಡುವುದಿಲ್ಲ ಅಂದರು. ಕಣ್ಣು ಕಾಣುವುದಿಲ್ಲ ಅಂತ ಹೇಳಿದೆವು, ಕಾರ್ಡ್ ತೋರಿಸಿದೆವು. ರೂಲ್ಸ್ ಎಲ್ಲರಿಗೂ ಒಂದೇ ಅಂದರು. ಅವರನ್ನು ಒಂದು ಮಂಚದ ಮೇಲೆ ಕೂರಿಸಿ ಹೋದರು. ಶೌಚಾಲಯ ಎಡಕ್ಕೋ ಬಲಕ್ಕೋ ಹೇಳಲಿಲ್ಲ. ಊಟದ ಪೊಟ್ಟಣವನ್ನು ಸದ್ದಿಲ್ಲದೆ ಇಟ್ಟು ಹೋಗುತ್ತಿದ್ದರು. ಊಟ ಬಂದಿದೆ ಅಂತ ಇವರಿಗೆ ಗೊತ್ತಾಗುತ್ತಿದ್ದದ್ದು ಪಕ್ಕದವರು ತಿನ್ನಲು ಶುರು ಮಾಡಿದಾಗ. ಪಿಪಿಇ ಕಿಟ್ ಒಳಗಿಂದ ಬರುವ ದನಿ ಎಲ್ಲರದ್ದೂ ಒಂದೇ ಥರ. ದನಿಯಿಂದಲೇ ಮನುಷ್ಯರನ್ನು ಗುರುತಿಸುವ ನನ್ನ ಯಜಮಾನರಿಗೆ ತನ್ನ ಹತ್ತಿರ ಬಂದವರು ಡಾಕ್ಟರೋ, ಸಿಸ್ಟರೋ, ಕಸ ತೆಗೆಯುವವರೋ ತಿಳಿಯುತ್ತಿರಲಿಲ್ಲ. ಶೌಚಾಲಯಕ್ಕೆ ಹೋಗುವಾಗ ಭುಜ ಕೊಟ್ಟದ್ದು ಪಕ್ಕದ ಮಂಚದಲ್ಲಿದ್ದ ರಾಣೆಬೆನ್ನೂರು ಕಡೆಯ ಒಬ್ಬ ಲಾರಿ ಡ್ರೈವರ್. ಅವರೂ ರೋಗಿಯೇ.

ಮಾತ್ರೆಗಳನ್ನು ಕಾಗದದ ಕವರ್‌ನಲ್ಲಿ ಹಾಕಿ, ಮೇಲೆ ಪೆನ್ನಿನಲ್ಲಿ 1-0-1, 0-0-1 ಅಂತ ಬರೆದು ಕೊಡುತ್ತಿದ್ದರು. ಯಾವುದು ಬೆಳಿಗ್ಗೆಯದು, ಯಾವುದು ರಾತ್ರಿಯದು? ಮೂರನೇ ದಿನ ನೈಟ್ ಡ್ಯೂಟಿಗೆ ಬಂದ ಒಬ್ಬ ಸಿಸ್ಟರ್ ಇದನ್ನು ಗಮನಿಸಿದರು. ಅವರು ಹೊತ್ತಿಗೆ ತಕ್ಕಂತೆ ಮಾತ್ರೆಗಳನ್ನು ಬೇರೆ ಮಾಡಿ ಮೂರು ಕವರ್‌ಗೆ ಹಾಕಿದರು. ಬೆಳಗಿನ ಕವರ್‌ಗೆ ಒಂದು ರಬ್ಬರ್ ಬ್ಯಾಂಡ್, ಮಧ್ಯಾಹ್ನದ್ದಕ್ಕೆ ಎರಡು, ರಾತ್ರಿಯದಕ್ಕೆ ಮೂರು ಸುತ್ತಿದರು. ‘ಸರ್, ಇನ್ನು ಬೆರಳಲ್ಲೇ ಎಣಿಸಿಕೊಳ್ಳಿ’ ಅಂದರು. ಮಂಚದಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ, ಎಲ್ಲಿ ತಿರುಗಬೇಕು ಅಂತ ಗ್ಲೌಸ್ ಹಾಕಿದ ಕೈಯಲ್ಲೇ ಹಿಡಿದು ಒಮ್ಮೆ ನಡೆಸಿ ತೋರಿಸಿದರು. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಅಲ್ಲಿಂದ ಮುಂದೆ ನನ್ನ ಯಜಮಾನರು ಯಾರ ಹಂಗೂ ಇಲ್ಲದೆ ಇದ್ದರು. ಆ ಸಿಸ್ಟರ್‌ಗೆ ಇದನ್ನು ಯಾರೂ ಕಲಿಸಿರಲಿಲ್ಲ, ತಾವೇ ಯೋಚಿಸಿ ಮಾಡಿದ್ದು. ಇದನ್ನು ಎಲ್ಲ ಸಿಬ್ಬಂದಿಗೂ ಕಲಿಸಲು ಎಷ್ಟು ಖರ್ಚಾದೀತು, ತಾವೇ ಹೇಳಿ.

ಲಸಿಕೆಯ ಕಥೆ ನಾಡಿಗೆಲ್ಲ ಗೊತ್ತಿರುವುದೇ. 18ರಿಂದ 44 ವರ್ಷದವರು ಕೋವಿನ್ ಪೋರ್ಟಲ್‌ನಲ್ಲೇ ಹೆಸರು ಬರೆಸಬೇಕಿತ್ತು. ಸ್ಲಾಟ್ ಬರುವುದೇ ಕೆಲವು ನಿಮಿಷ. ಅಷ್ಟರಲ್ಲಿ ಚಿತ್ರದಲ್ಲಿರುವ ಸೊಟ್ಟಂಬಟ್ಟ ಅಕ್ಷರ ಓದಿ ಟೈಪ್ ಮಾಡಬೇಕು. ನಾನು ಎಂ.ಎ. ಓದಿದವಳು, ಮೊಬೈಲನ್ನು ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ನಲ್ಲಿ ದಿನವಿಡೀ ಬಳಸುವವಳು. ಆ ಒಂದು ಚಿತ್ರದ ಮುಂದೆ ನನ್ನ ಓದು ಯಾವ ಉಪಯೋಗಕ್ಕೂ ಬರಲಿಲ್ಲ. 2021ರ ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು. ಕ್ಯಾಪ್ಚಾಗೆ, ಅಂದರೆ ಆ ಸೊಟ್ಟ ಅಕ್ಷರದ ಚಿತ್ರಕ್ಕೆ, ಧ್ವನಿ ಇಲ್ಲ, ಕೀಬೋರ್ಡ್‌ನಿಂದ ಪೋರ್ಟಲ್‌ನಲ್ಲಿ ಓಡಾಡಲು ಆಗುವುದಿಲ್ಲ, ಸಮಯ ಸಾಲುವುದಿಲ್ಲ ಅಂತ ಒಂದೊಂದಾಗಿ ಗುರುತಿಸಿತು. ದೇಶದ ಅತಿ ದೊಡ್ಡ ನ್ಯಾಯಾಲಯ ಕೂತು ಹೇಳುವ ಮೊದಲು ಕಣ್ಣು ಕಾಣದ ಒಬ್ಬರ ಕೈಗೆ ಆ ಪೋರ್ಟಲ್ ಕೊಟ್ಟು ನೋಡಿದ್ದರೆ ಅರ್ಧ ಗಂಟೆಯಲ್ಲಿ ಇದೆಲ್ಲ ಗೊತ್ತಾಗುತ್ತಿತ್ತು. 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪು ಬಂದಿದೆ. ಡಿಜಿಟಲ್ ಸೇವೆ ಬಳಸಲು ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಹಾಗಾಗಿ ಇದು ಈಗ ದಯೆಯ ಮಾತಲ್ಲ.

ಕನ್ನಡದ ಒಂದು ತೊಂದರೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸರ್ಕಾರಿ ಕಚೇರಿಗಳಿಂದ ಬರುವ ಸುತ್ತೋಲೆಗಳನ್ನು ಪ್ರಿಂಟ್ ತೆಗೆದು, ಸಹಿ ಸೀಲು ಹಾಕಿ, ಸ್ಕ್ಯಾನ್ ಮಾಡಿ ವಾಟ್ಸಾಪ್‌ಗೆ ಬಿಡುತ್ತಾರೆ. ಅದು ಚಿತ್ರ. ಪರದೆಯ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದಲು ಏನೂ ಸಿಗುವುದಿಲ್ಲ. ಸ್ಕ್ಯಾನ್ ಮಾಡದೆ ಕಳಿಸಿದರೂ ಎಷ್ಟೋ ಸಲ ಹಳೆಯ ‘ನುಡಿ’ ಅನ್ನುವ ಕನ್ನಡ ಫಾಂಟ್‌ನಲ್ಲಿ ಇರುತ್ತದೆ. ಅದನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಕಂಟೈನ್‌ಮೆಂಟ್ ಪ್ರದೇಶ ಯಾವುದು, ಯಾವ ಹೊತ್ತಿಗೆ ಅಂಗಡಿ ತೆರೆದಿರುತ್ತದೆ ಅಂತ ತಿಳಿಯಲು ನಾನು ಪಕ್ಕದ ಮನೆಯವರಿಗೆ ಫೋನ್ ಮಾಡಿ ಓದಿಸಿಕೊಳ್ಳಬೇಕಿತ್ತು. ಸ್ಕ್ರೀನ್ ರೀಡರ್ ಸರಿಯಾಗಿ ಓದುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹಾಗೇ ಕಳಿಸಿದರೆ ಸಾಕು. ಇದಕ್ಕೆ ಬಜೆಟ್ ಬೇಡ, ಒಂದು ಆದೇಶ ಸಾಕು.

ಒಳ್ಳೆಯದನ್ನೂ ಹೇಳಬೇಕು. 2020ರ ಏಪ್ರಿಲ್‌ನಲ್ಲಿ ಶುರು ಮಾಡಿದ ಆಪ್ತಮಿತ್ರ ಸಹಾಯವಾಣಿ, 14410, ನಮ್ಮಂಥವರಿಗೆ ಯಾವ ಆ್ಯಪ್‌ಗಿಂತಲೂ ಹತ್ತಿರವಾಗಿತ್ತು. ಕಾರಣ ಇಷ್ಟೇ, ಅದು ಮಾತಿನಲ್ಲಿ ನಡೆಯುತ್ತಿತ್ತು. ಆಗ ಫೋನ್ ಹಚ್ಚಿದರೆ ಮೊದಲು ಕೆಮ್ಮಿನ ಸದ್ದು, ಆಮೇಲೆ ಕನ್ನಡದಲ್ಲಿ ಸಲಹೆ ಕೇಳಿಸುತ್ತಿತ್ತು. ಬೇರೆಯವರು ಅದಕ್ಕೆ ಬೇಸರ ಪಟ್ಟರು. ನಮಗೆ ಮಾತ್ರ ಇನ್ನೊಬ್ಬರ ಕಣ್ಣಿಲ್ಲದೆ ನೇರವಾಗಿ ತಲುಪಿದ ಕೆಲವೇ ಮಾಹಿತಿಗಳಲ್ಲಿ ಅದೂ ಒಂದು. ಕಿವಿಗೆ ಹೇಳಿದ್ದೆಲ್ಲ ನಮಗೆ ತಲುಪಿತು, ಕಣ್ಣಿಗೆ ಹೇಳಿದ್ದೆಲ್ಲ ಅರ್ಧ ದಾರಿಯಲ್ಲೇ ಉಳಿಯಿತು.

ಇನ್ನು ಕಾನೂನಿನ ಮಾತು. ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಮಕ್ಕಳಿಗೆ ಹಕ್ಕುಗಳ ಪಾಠ ಹೇಳುತ್ತೇನೆ, ಹಾಗಾಗಿ ಇದನ್ನು ಬಿಡುವ ಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ವಿಪತ್ತಿನ ಕಾಲಕ್ಕಾಗಿಯೇ ಇರುವುದು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ವಿಕಲಚೇತನರ ವಿವರವನ್ನು ದಾಖಲೆ ಮಾಡಿ ಇಟ್ಟಿರಬೇಕು, ಅಪಾಯ ಬಂದಾಗ ಅವರಿಗೆ ತಿಳಿಸುವ ವ್ಯವಸ್ಥೆ ಮಾಡಬೇಕು ಅಂತ ಅದು ಹೇಳುತ್ತದೆ. ಲಾಕ್‌ಡೌನ್ ಆದೇಶಗಳು ಬಂದದ್ದೂ ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೇ. ಅಂದರೆ ಈ ಸೆಕ್ಷನ್ ಕೋವಿಡ್‌ಗೂ ಪೂರ್ತಿ ಅನ್ವಯಿಸುತ್ತಿತ್ತು. ಕೇಂದ್ರದ ವಿಕಲಚೇತನರ ಇಲಾಖೆ 2020ರ ಮಾರ್ಚ್ 26ರಂದೇ ಮಾರ್ಗಸೂಚಿ ಹೊರಡಿಸಿತ್ತು. ಮಾಹಿತಿಯನ್ನು ಬ್ರೈಲ್‌ನಲ್ಲಿ, ಧ್ವನಿಯಲ್ಲಿ ಕೊಡಿ, ನೋಡಿಕೊಳ್ಳುವವರಿಗೆ ಪಾಸ್ ಕೊಡಿ, ಅಗತ್ಯ ವಸ್ತುಗಳನ್ನು ಮನೆಗೆ ತಲುಪಿಸಿ ಅಂತೆಲ್ಲ ಅದರಲ್ಲಿತ್ತು. ಲಾಕ್‌ಡೌನ್ ಶುರುವಾದ ಮರುದಿನವೇ ಬಂದ ಆ ಕಾಗದ ನಮ್ಮೂರ ತನಕ ಬರಲಿಲ್ಲ.

ಬರುವ ದಾರಿ ಇರಲಿಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ವಿ.ಆರ್.ಡಬ್ಲ್ಯು. ಇದ್ದಾರೆ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲ್ಲೂಕಿಗೆ ಎಂ.ಆರ್.ಡಬ್ಲ್ಯು. ಇದ್ದಾರೆ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಊರಿನಲ್ಲಿ ಯಾರಿಗೆ ಕಣ್ಣು ಕಾಣುವುದಿಲ್ಲ, ಯಾರು ಒಂಟಿಯಾಗಿದ್ದಾರೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕಾಣುವುದಿಲ್ಲ, ಎಲ್ಲವೂ ಅವರಿಗೆ ಬಾಯಿಪಾಠ. ಅವರಲ್ಲಿ ಎಷ್ಟೋ ಜನ ತಾವೂ ವಿಕಲಚೇತನರೇ, ದುಡಿಯುವುದು ಸಣ್ಣ ಗೌರವಧನಕ್ಕೆ. ಮಾಸಾಶನದ ಪಟ್ಟಿ ಇದೆ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿನ ಪಟ್ಟಿ ಇದೆ, ಆಶಾಕಿರಣ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಮಾಡಿದ ಕಣ್ಣಿನ ತಪಾಸಣೆಯ ಲೆಕ್ಕ ಇದೆ. ಇಷ್ಟೂ ಬೇರೆ ಬೇರೆ ಇಲಾಖೆಗಳಲ್ಲಿ ಬೇರೆ ಬೇರೆಯಾಗಿ ಕೂತಿವೆ. ಒಂದು ಕಡೆ ಸೇರಿಸಿದರೆ ಕಾಯ್ದೆ ಕೇಳುವ ದಾಖಲೆ ತಯಾರು.

ಹಾಗಾಗಿ ನನ್ನ ಮೊದಲ ಮತ್ತು ದೊಡ್ಡ ಬೇಡಿಕೆ ಇದು. ಪ್ರತಿ ಪಂಚಾಯಿತಿ, ಪ್ರತಿ ವಾರ್ಡ್‌ನಲ್ಲಿ ಆರೋಗ್ಯ ತುರ್ತು ಬಂದಾಗ ಕಣ್ಣು ಕಾಣದವರ ಕೈ ಹಿಡಿದು ನಡೆಸುವವರು ಯಾರು ಅಂತ ಹೆಸರು ಹಿಡಿದು ಈಗಲೇ ಬರೆದಿಡಿ. ವಿ.ಆರ್.ಡಬ್ಲ್ಯು. ಆಗಲಿ, ಓಡಾಡಲು ಅವರಿಗೇ ಕಷ್ಟವಿದ್ದರೆ ಅವರು ಹೇಳಿದ ಇನ್ನೊಬ್ಬರಾಗಲಿ. ಅವರನ್ನು ಮುಂಚೂಣಿ ಕಾರ್ಯಕರ್ತರು ಅಂತ ಪರಿಗಣಿಸಿ. ಮಾಸ್ಕ್, ಗ್ಲೌಸ್, ಮೊದಲ ಸುತ್ತಿನ ಲಸಿಕೆ, ಆ ದಿನಗಳ ಹೆಚ್ಚಿನ ಗೌರವಧನ, ವಿಮೆ, ಎಲ್ಲ ಕೊಡಿ. ತೋಳು ಕೊಡುವವರಿಗೆ ರಕ್ಷಣೆ ಇದ್ದರೆ ತೋಳು ಸಿಗುತ್ತದೆ. ಆಸ್ಪತ್ರೆಗೆ ಸೇರಿದ ಕಣ್ಣು ಕಾಣದ ರೋಗಿಯ ಜೊತೆ ಪಿಪಿಇ ಹಾಕಿದ ಒಬ್ಬರಿಗೆ ಅವಕಾಶ ಇರಬೇಕು. ಅದು ಆಗದಿದ್ದರೆ ಆ ಪಾಳಿಯ ಸಿಬ್ಬಂದಿಯಲ್ಲಿ ಒಬ್ಬರು ಇವರ ಹೊಣೆ ಅಂತ ಕೇಸ್ ಶೀಟ್‌ನಲ್ಲೇ ಬರೆದಿರಬೇಕು. ಹತ್ತಿರ ಬಂದವರು ಮೊದಲು ತಮ್ಮ ಹೆಸರು ಹೇಳಲಿ, ಊಟ ಇಟ್ಟರೆ ಇಟ್ಟಿದ್ದೇನೆ ಅನ್ನಲಿ, ಮಾತ್ರೆಗೆ ರಬ್ಬರ್ ಬ್ಯಾಂಡ್ ಸುತ್ತಲಿ.

ಸರ್ಕಾರದ ಯಾವ ಆರೋಗ್ಯ ಆ್ಯಪ್ ಆದರೂ ಜನರಿಗೆ ಬಿಡುವ ಮೊದಲು ಕಣ್ಣು ಕಾಣದವರು ಬಳಸಿ ನೋಡಿ ಸರಿ ಅನ್ನಬೇಕು. ಅಲ್ಲಿಯವರೆಗೆ ಅದೇ ಕೆಲಸ ಫೋನ್ ಕರೆಯಲ್ಲೂ ಆಗುವಂತಿರಲಿ. ಧಾರವಾಡ, ಭದ್ರಾವತಿ, ಕಲಬುರಗಿ ಆಕಾಶವಾಣಿಗಳಿಂದ ಜಿಲ್ಲಾವಾರು ಮಾಹಿತಿ ದಿನಾ ಒಂದೇ ಹೊತ್ತಿಗೆ ಬರಲಿ. ಮಾತಾಡುವ ಉಪಕರಣಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಡಿ, ಬೇಕಾದವರು ಸಹಿ ಹಾಕಿ ತೆಗೆದುಕೊಂಡು ಹೋಗಿ ವಾಪಸ್ ಕೊಡುತ್ತಾರೆ.

ಇನ್ನೊಂದು ಗುಂಪನ್ನು ಎಲ್ಲರೂ ಮರೆತಿದ್ದಾರೆ, ಅವರ ಪರವಾಗಿಯೂ ಕೇಳುತ್ತೇನೆ. 2021ರ ಬೇಸಿಗೆಯಲ್ಲಿ ಕೋವಿಡ್‌ನಿಂದ ಗುಣವಾದ ಎಷ್ಟೋ ಜನ ಬ್ಲ್ಯಾಕ್ ಫಂಗಸ್‌ಗೆ ಕಣ್ಣು ಕಳೆದುಕೊಂಡರು. ಅದಕ್ಕೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಮನೆಯವರು ಊರೂರು ಅಲೆದರು. ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾಯಿತು. ಡಿಸ್ಚಾರ್ಜ್ ಆದ ಮೇಲೆ ಅವರಿಗೆ ಬಿಳಿ ಕೋಲು ಹಿಡಿಯಲು ಕಲಿಸಿದವರು ಯಾರು? ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಅಳತೆಯ ಪ್ರಕಾರ ಶೇ 30ರಷ್ಟು ಅಂಗವೈಕಲ್ಯ. ಹೆಚ್ಚಿನ ಸೌಲಭ್ಯಕ್ಕೆ ಶೇ 40 ಇರಬೇಕು. ಮುಖದ ಮೂಳೆಯನ್ನೂ ಕಳೆದುಕೊಂಡ ಆ ಮನುಷ್ಯ ಯಾವ ಪಟ್ಟಿಗೂ ಸೇರುವುದಿಲ್ಲ. ಅದೇ ಹೊತ್ತಿನಲ್ಲಿ ಪೊರೆಯ ಆಪರೇಷನ್ ಮುಂದೆ ಹೋಯಿತು, ಗ್ಲಾಕೋಮಾ ಹನಿ ಸಿಗಲಿಲ್ಲ, ಸಕ್ಕರೆ ಕಾಯಿಲೆಯವರ ಕಣ್ಣಿನ ಇಂಜೆಕ್ಷನ್ ತಪ್ಪಿತು. ಗ್ಲಾಕೋಮಾದಲ್ಲಿ ಹೋದ ನೋಟ ವಾಪಸ್ ಬರುವುದಿಲ್ಲ. ಕಣ್ಣಿನ ತುರ್ತು ಚಿಕಿತ್ಸೆಯನ್ನು ಯಾವ ಲಾಕ್‌ಡೌನ್‌ನಲ್ಲೂ ನಿಲ್ಲಿಸಬಾರದು. ಬ್ಲ್ಯಾಕ್ ಫಂಗಸ್‌ನಲ್ಲಿ ಕಣ್ಣು ಕಳೆದುಕೊಂಡವರನ್ನು ಆಸ್ಪತ್ರೆ ದಾಖಲೆಯಿಂದ ಹುಡುಕಿ, ತರಬೇತಿ ಮತ್ತು ನೆರವು ಕೊಡಿ.

ಸಂಗೀತದವರ ಬಗ್ಗೆ ಒಂದೇ ಮಾತು. ಗದುಗಿನಲ್ಲಿ ಕಲಿತ ನೂರಾರು ಕಲಾವಿದರು ಜಾತ್ರೆ, ಪುರಾಣ, ನಾಟಕ, ಮದುವೆಗಳನ್ನು ನಂಬಿ ಬದುಕುವವರು. ಎಲ್ಲವೂ ಒಂದೇ ದಿನ ನಿಂತವು. ಮುಂದೆ ಹೀಗಾದರೆ ಅವರ ಮಾಸಾಶನವನ್ನು ಆ ತಿಂಗಳುಗಳಿಗಾದರೂ ದುಪ್ಪಟ್ಟು ಮಾಡಬೇಕು.

ಸಚಿವರೇ, ತಾವು ಒಮ್ಮೆ ಎಲ್ಲ ಜಿಲ್ಲಾಧಿಕಾರಿಗಳನ್ನು ಕೇಳಿ: 8ನೇ ಸೆಕ್ಷನ್ ಹೇಳುವ ದಾಖಲೆ ನಿಮ್ಮ ಜಿಲ್ಲೆಯಲ್ಲಿ ಇದೆಯಾ, ಕೊನೆಯ ಬಾರಿ ಯಾವಾಗ ಸರಿಪಡಿಸಿದಿರಿ, ಅದರಲ್ಲಿ ಫೋನ್ ನಂಬರ್ ಇದೆಯಾ? ಬಂದ ಉತ್ತರವನ್ನು ಇಲಾಖೆಯ ವೆಬ್‌ಸೈಟ್‌ನಲ್ಲಿ ಹಾಕಿ, ಇಲ್ಲ ಅಂತ ಬಂದರೂ ಹಾಕಿ. ದಾಖಲೆ ಮಾಡುವಾಗ ನಮ್ಮವರನ್ನು ಕೂರಿಸಿಕೊಂಡು ಮಾಡಿ, ಕೆಲಸಕ್ಕೆ ಬರಲು ನಾನೂ ಸಿದ್ಧ, ನನ್ನಂಥ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ.

ಈ ಪತ್ರವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ದೇನೆ. ತಮ್ಮ ಕಚೇರಿಯಿಂದ ಬರುವ ಉತ್ತರವೂ ಯೂನಿಕೋಡ್‌ನಲ್ಲೇ ಇರಲಿ, ದಯವಿಟ್ಟು ಸ್ಕ್ಯಾನ್ ಮಾಡಿ ಕಳಿಸಬೇಡಿ. ನಾನೇ ಓದಬೇಕು.

ಗೌರವಗಳೊಂದಿಗೆ,
ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ,
ಹಾವೇರಿ ಜಿಲ್ಲೆ